ನೆಲಮಾಳಿಗೆಯ ಬಾಗಿಲು ತೆರೆದಿಟ್ಟವಳು: ಹಾರ್ಲೆಂನ ಆಗಸ್ಟಾ ಸ್ಯಾವೇಜ್



ಇದು ಉದ್ದದ ಪೋಸ್ಟು. ಬಸ್ಸಲ್ಲೋ ಟೀ ಅಂಗಡೀಲೋ ಕೂತಾಗ ನಿಧಾನಕ್ಕೆ ಓದಿ. ನಮ್ಮ ಕಡೆಯ ಕೆಲವು ಹುಡುಗ ಹುಡುಗಿಯರು ಸೇರಿ ಅಂಬೇಡ್ಕರ್ ಭವನದ ಹಾಲ್‌ನಲ್ಲಿ ಚಿತ್ರ ಪ್ರದರ್ಶನ ಮಾಡಿದ ಫೋಟೋಗಳನ್ನ ಮೊನ್ನೆ ಹಾಕಿದ್ದೆ. ಅದರ ಕೆಳಗೆ ಒಬ್ಬ ಗೆಳೆಯರು, "ಭವನದಲ್ಲಿ ನಾವೇ ತೂಗುಹಾಕಿ ನಾವೇ ನೋಡ್ಕೊಂಡ್ರೆ ಏನು ಬಂತು? ದೊಡ್ಡ ಗ್ಯಾಲರಿಗಳಲ್ಲಿ ನಮ್ಮ ಪಾಲು ಕೇಳಬೇಕು" ಅಂತ ಬರೆದಿದ್ದರು. ಪಾಲು ಕೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಏನು ಬಂತು" ಅಂತ ಕೇಳಿದ್ರಲ್ಲ, ಅದಕ್ಕೆ ಕಾಮೆಂಟಲ್ಲಿ ಉತ್ತರ ಹೇಳೋಕಾಗಲ್ಲ. ಅಮೆರಿಕದ ಕಪ್ಪುಜನ ಅಲ್ಲಿನ ದೊಡ್ಡ ಮ್ಯೂಸಿಯಂಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಲೈಬ್ರರಿ ಹಾಲು, ಹಳೇ ಕುದುರೆಲಾಯ, ಮನೆ ಕೆಳಗಿನ ನೆಲಮಾಳಿಗೆ ಇವುಗಳಲ್ಲಿ ಏನು ಮಾಡಿದ್ರು ಅನ್ನೋದನ್ನ ಒಬ್ಬ ಹೆಣ್ಣುಮಗಳ ಬದುಕಿನ ಮೂಲಕ ಹೇಳ್ತೀನಿ.

ಅವಳ ಹೆಸರು ಆಗಸ್ಟಾ ಸ್ಯಾವೇಜ್. 1892ರಲ್ಲಿ ಫ್ಲಾರಿಡಾದ ಗ್ರೀನ್ ಕೋವ್ ಸ್ಪ್ರಿಂಗ್ಸ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದವಳು. ಹದಿನಾಲ್ಕು ಮಕ್ಕಳಲ್ಲಿ ಏಳನೆಯವಳು. ಆ ಊರಲ್ಲಿ ಇಟ್ಟಿಗೆ ಮಾಡ್ತಿದ್ರು, ಹಂಗಾಗಿ ಕೆಂಪು ಜೇಡಿಮಣ್ಣಿಗೆ ಬರ ಇರಲಿಲ್ಲ. ಹುಡುಗಿ ಆ ಮಣ್ಣು ತಂದು ಬಾತುಕೋಳಿ, ಕೋಳಿ, ಹಂದಿ ಮಾಡೋಳು. ಅಪ್ಪ ಮೆಥಡಿಸ್ಟ್ ಪಂಗಡದ ಪಾದ್ರಿ. ಮೂರ್ತಿ ಮಾಡೋದು ಪಾಪ ಅನ್ನೋ ನಂಬಿಕೆಯವನು. ವಾರದಲ್ಲಿ ನಾಕೈದು ಸಲ ಹೊಡೀತಿದ್ದ ಅಂತ ಅವಳೇ ಮುಂದೆ ಹೇಳ್ಕೊಂಡಿದ್ದಾಳೆ. ಹದಿನೈದಕ್ಕೇ ಮದುವೆ, ಮಾರನೇ ವರ್ಷ ಮಗಳು, ಆಮೇಲೆ ಗಂಡನ ಸಾವು. ಸ್ಯಾವೇಜ್ ಅನ್ನೋದು ಎರಡನೇ ಗಂಡನ ಮನೆತನದ ಹೆಸರು. ಇಂಗ್ಲಿಷಲ್ಲಿ ಆ ಪದಕ್ಕೆ ಕಾಡುಮನುಷ್ಯ, ಅನಾಗರಿಕ ಅಂತ ಅರ್ಥ. ಅವನನ್ನ ಬಿಟ್ಟ ಮೇಲೂ ಹೆಸರು ಬಿಡಲಿಲ್ಲ, ಅದೇ ಹೆಸರನ್ನ ತನ್ನ ಕೆಲಸದ ಮೇಲೆ ಕೆತ್ತಿದಳು. ತಿಪ್ಪ, ಕರಿಯ, ಕೆಂಚಿ ಅಂತ ಗೌಡರ ಮನೆಯವರು ಕೂಗಿದ ಹೆಸರುಗಳನ್ನೇ ಹೊತ್ತು ಬದುಕಿದ ನಮ್ಮ ಅಜ್ಜ ಅಜ್ಜಿಯರ ಮೊಮ್ಮಕ್ಕಳಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ.

1915ರ ಹೊತ್ತಿಗೆ ಕುಟುಂಬ ವೆಸ್ಟ್ ಪಾಮ್ ಬೀಚ್‌ಗೆ ಬಂತು. ಅಲ್ಲಿ ಜೇಡಿಮಣ್ಣು ಇಲ್ಲ, ಬರೀ ಮರಳು. ಸುಮಾರು ದಿನ ಅವಳ ಕೈ ಖಾಲಿ. ಆಮೇಲೆ ಒಬ್ಬ ಕುಂಬಾರನನ್ನ ಕಾಡಿಬೇಡಿ ಮಣ್ಣು ಈಸ್ಕೊಂಡು ಮತ್ತೆ ಶುರು ಮಾಡಿದಳು. ಅವಳ ಕೈಕೆಲಸ ನೋಡಿದ ಸ್ಕೂಲಿನ ಮುಖ್ಯೋಪಾಧ್ಯಾಯ, ಮಕ್ಕಳಿಗೆ ಮಣ್ಣಿನ ಕೆಲಸ ಹೇಳಿಕೊಡು ಅಂತ ದಿನಕ್ಕೆ ಒಂದು ಡಾಲರ್ ಕೊಟ್ಟ. ಅಂದ್ರೆ ಅವಳಿನ್ನೂ ವಿದ್ಯಾರ್ಥಿ ಆಗಿದ್ದಾಗಲೇ ಮೇಡಂ ಕೂಡ ಆಗಿದ್ದಳು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಅವಳ ಮೊದಲ ಪ್ರದರ್ಶನ ನಡೆದದ್ದು ಎಲ್ಲಿ ಗೊತ್ತಾ? 1919ರ ಜಿಲ್ಲಾ ಮೇಳದಲ್ಲಿ. ನಮ್ಮ ಕಡೆ ದನದ ಜಾತ್ರೆ, ಕೃಷಿಮೇಳ ಆಗುತ್ತಲ್ಲ, ಹೆಚ್ಚುಕಮ್ಮಿ ಅಂಥದ್ದು. ಪಾಮ್ ಬೀಚ್ ಕೌಂಟಿ ಫೇರ್‌ನಲ್ಲಿ ಒಂದು ಮಳಿಗೆ ಹಾಕಿ ಮಣ್ಣಿನ ಪ್ರಾಣಿಗಳನ್ನ ಇಟ್ಟಳು. ಪ್ರವಾಸಕ್ಕೆ ಬಂದ ಬಿಳಿಯರು ಕೊಂಡ್ಕೊಂಡ್ರು, 25 ಡಾಲರ್ ಬಹುಮಾನವೂ ಬಂತು. ಆ ಧೈರ್ಯದ ಮೇಲೆ ಜಾಕ್ಸನ್‌ವಿಲ್‌ಗೆ ಹೋಗಿ, ಅಲ್ಲಿನ ಅನುಕೂಲಸ್ಥ ಕಪ್ಪುಜನರ ಮುಖಶಿಲ್ಪ ಮಾಡಿ ಬದುಕ್ತೀನಿ ಅಂದ್ಕೊಂಡಳು. ಯಾರೂ ಕೆಲಸ ಕೊಡಲಿಲ್ಲ. (ನಮ್ಮವರಲ್ಲಿ ಉಳ್ಳವರಾದವರು ಮನೆಗೆ ಯಾವ ಚಿತ್ರ ತರ್ತಾರೆ ಅಂತ ಒಮ್ಮೆ ಯೋಚನೆ ಮಾಡಿ. ಗೃಹಪ್ರವೇಶಕ್ಕೆ ಹೋದಾಗ ಗೋಡೆ ನೋಡಿ ಸಾಕು.) ಕೊನೆಗೆ ಮಗಳನ್ನ ಅಪ್ಪ ಅಮ್ಮನ ಹತ್ರ ಬಿಟ್ಟು 1921ರಲ್ಲಿ ನ್ಯೂಯಾರ್ಕಿಗೆ ಬಂದಳು. ಕೈಯಲ್ಲಿ 4 ಡಾಲರ್ 60 ಸೆಂಟ್.

ಇಲ್ಲಿ ಸ್ವಲ್ಪ ನಿಲ್ಲೋಣ. ಬಾಬಾಸಾಹೇಬರು ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ್ರು. ಕೊಲಂಬಿಯಾ ಇರೋದು ದಿಬ್ಬದ ಮೇಲೆ. ಅದರ ಪಕ್ಕದ ಇಳಿಜಾರು ಇಳಿದರೆ ಹಾರ್ಲೆಂ. ಅವರು ಅಲ್ಲಿಂದ ಹೊರಟು ಐದು ವರ್ಷಕ್ಕೆ ಆಗಸ್ಟಾ ಬಂದಿಳಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡೋ ಪ್ರಶ್ನೆಯೇ ಇಲ್ಲ. ಆದರೆ ಇಬ್ಬರ ನಡುವೆ ಒಬ್ಬ ಮನುಷ್ಯ ಇದ್ದಾನೆ, ಡಬ್ಲ್ಯೂ. ಇ. ಬಿ. ಡುಬಾಯ್ಸ್. ಆಗಸ್ಟಾ ನ್ಯೂಯಾರ್ಕಲ್ಲಿ ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಡುಬಾಯ್ಸ್ ಅವರ ಮುಖಶಿಲ್ಪ. ಅದೇ ಡುಬಾಯ್ಸ್‌ಗೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದ್ರು. ಅಮೆರಿಕದ ಕಪ್ಪುಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ, ಅಸ್ಪೃಶ್ಯರ ಪರವಾಗಿ ನಾವೂ ಹಾಗೆ ಮಾಡೋ ಯೋಚನೆ ಇದೆ ಅಂತ. ಡುಬಾಯ್ಸ್ ಗೌರವದಿಂದ ಉತ್ತರ ಬರೆದು, ಅಸ್ಪೃಶ್ಯರ ಹೋರಾಟದ ಬಗ್ಗೆ ತಮಗೆ ಪೂರ್ತಿ ಸಹಾನುಭೂತಿ ಇದೆ ಅಂದ್ರು. ಆ ಪತ್ರಗಳ ಬಗ್ಗೆ ನಮ್ಮಲ್ಲಿ ಬಹಳ ಮಾತಾಗಿದೆ. ಆ ಮುಖವನ್ನ ಮಣ್ಣಲ್ಲಿ ಮೂಡಿಸಿದ ಹೆಂಗಸಿನ ಬಗ್ಗೆ ಮಾತಾಗಿಲ್ಲ.

ಆಗಸ್ಟಾ ಸೇರಿದ್ದು ಕೂಪರ್ ಯೂನಿಯನ್ ಅನ್ನೋ ಕಾಲೇಜಿಗೆ. ಅಲ್ಲಿ ಫೀಸು ಇರಲಿಲ್ಲ. ನಾಲ್ಕು ವರ್ಷದ ಓದನ್ನ ಮೂರೇ ವರ್ಷಕ್ಕೆ ಮುಗಿಸಿದಳು. ನಡುವೆ ಊಟಕ್ಕೆ, ಬಾಡಿಗೆಗೆ ದುಡ್ಡಿಲ್ಲದೆ ಬಿಡೋ ಪರಿಸ್ಥಿತಿ ಬಂದಾಗ ಕಾಲೇಜಿನವರೇ ಜೀವನಖರ್ಚಿಗೂ ಕೊಟ್ಟರು. ಫೀಸು ಮನ್ನಾ ಮಾಡಿದ್ರೆ ಸಾಲದು, ಹೊಟ್ಟೆಗೂ ಕೊಡಬೇಕು. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಅಂತ ನಾವು ಇವತ್ತಿಗೂ ಡಿಸಿ ಆಫೀಸ್ ಮುಂದೆ ಕೂರೋದು ಇದಕ್ಕೇ.

1923ರಲ್ಲಿ ಆದದ್ದು ಅವಳ ಹೆಸರನ್ನ ಪೇಪರಿಗೆ ತಂತು. ಫ್ರಾನ್ಸಿನ ಫಾಂಟೆನ್‌ಬ್ಲೂನಲ್ಲಿ ಅಮೆರಿಕದ 100 ಯುವತಿಯರಿಗೆ ಬೇಸಿಗೆ ಕಲಾಶಾಲೆ. ಇವಳೂ ಅರ್ಜಿ ಹಾಕಿದಳು. ಅರ್ಜಿದಾರಳು ಕಪ್ಪು ಹೆಣ್ಣು ಅಂತ ಗೊತ್ತಾದ ತಕ್ಷಣ ಸಮಿತಿಯವರು ತಿರಸ್ಕರಿಸಿದ್ರು. ಕಾರಣ? ಆಯ್ಕೆಯಾಗಿದ್ದ ಅಲಬಾಮಾದ ಬಿಳಿ ಹುಡುಗಿಯರಿಗೆ ಜೊತೇಲಿ ಪ್ರಯಾಣ ಮಾಡೋಕೆ, ಒಂದೇ ಕಡೆ ಇರೋಕೆ ಮುಜುಗರ ಆಗುತ್ತಂತೆ. ಅದನ್ನೂ ಇವಳ ಒಳ್ಳೇದಕ್ಕೇ ಅನ್ನೋ ಥರ ಹೇಳಿದ್ರು, ನಿನಗೇ ಅಲ್ಲಿ ಕಷ್ಟ ಆಗುತ್ತಮ್ಮಾ ಅಂತ. ಈ ದನಿ ನಮಗೆ ಚೆನ್ನಾಗಿ ಗೊತ್ತು ಅಲ್ವಾ? ಬಾಡಿಗೆ ಮನೆ ಕೇಳೋಕೆ ಹೋದಾಗ, "ನಮ್ಮದೇನಿಲ್ಲ, ಅಕ್ಕಪಕ್ಕದವರು ಒಪ್ಪಲ್ಲ, ಆಮೇಲೆ ನಿಮಗೇ ಬೇಜಾರು" ಅಂತಾರಲ್ಲ, ಅದೇ ದನಿ.

ಅವಳು ಸುಮ್ಮನಿರಲಿಲ್ಲ. ಪತ್ರಿಕೆಗೆ ಬರೆದಳು, ಸಭೆಗಳಲ್ಲಿ ಮಾತಾಡಿದಳು, ಸುದ್ದಿ ಸಮುದ್ರ ದಾಟಿತು. ಸಮಿತಿ ಮಾತ್ರ ತೀರ್ಮಾನ ಬದಲಿಸಲಿಲ್ಲ. ಸಮಿತಿಯಲ್ಲಿದ್ದ ಹರ್ಮನ್ ಮ್ಯಾಕ್‌ನೀಲ್ ಅನ್ನೋ ಶಿಲ್ಪಿಯೊಬ್ಬ ತಪ್ಪಾಯ್ತು ಅಂತ ಅವಳನ್ನ ತನ್ನ ಸ್ಟುಡಿಯೋಗೆ ಕರೆದು ಕಲಿಸಿದ. ಎರಡು ವರ್ಷ ಬಿಟ್ಟು, ಡುಬಾಯ್ಸ್ ಪ್ರಯತ್ನದಿಂದ ರೋಮ್‌ನಲ್ಲಿ ಕಲಿಯೋಕೆ ಸ್ಕಾಲರ್‌ಶಿಪ್ ಸಿಕ್ತು. ಫೀಸಿಗೆ ಮಾತ್ರ. ಹಡಗಿನ ಖರ್ಚಿಗೆ, ಅಲ್ಲಿನ ಊಟಕ್ಕೆ ದುಡ್ಡು ಹೊಂದಿಸೋಕೆ ಆಗಲಿಲ್ಲ, ಹೋಗಲಿಲ್ಲ. ಹಗಲೆಲ್ಲ ಲಾಂಡ್ರಿಯಲ್ಲಿ ಹಬೆ ಕುಡಿದು ಬಟ್ಟೆ ಒಗೆಯೋ ಕೆಲಸ. ಅಪ್ಪನಿಗೆ ಪಾರ್ಶ್ವವಾಯು, ಚಂಡಮಾರುತಕ್ಕೆ ಊರಿನ ಮನೆ ಹೋಯ್ತು, ಇಡೀ ಕುಟುಂಬ ಇವಳ ಸಣ್ಣ ಮನೆಗೆ ಬಂತು. ಹೊಡೆದು ಹೊಡೆದು ಮಣ್ಣು ಬಿಡಿಸೋಕೆ ನೋಡಿದ ಅಪ್ಪನನ್ನೂ ಅವಳೇ ಸಾಕಿದಳು.

ಈಗ ಜಾಗದ ವಿಷಯಕ್ಕೆ ಬರ್ತೀನಿ.

ಹಾರ್ಲೆಂನ 135ನೇ ಬೀದಿಯಲ್ಲಿ ಒಂದು ಸಾರ್ವಜನಿಕ ಲೈಬ್ರರಿ. 1921ರಲ್ಲಿ ಅಲ್ಲಿ ಕಪ್ಪು ಕಲಾವಿದರ ಗುಂಪು ಪ್ರದರ್ಶನ ಶುರುವಾಯ್ತು. ಪುಸ್ತಕದ ಕಪಾಟುಗಳ ಪಕ್ಕದಲ್ಲಿ, ಓದೋಕೆ ಬಂದವರ ಕಣ್ಣಿಗೆ ಬೀಳೋ ಹಾಗೆ ಚಿತ್ರ, ಶಿಲ್ಪ. ಯಾರೂ ಟಿಕೆಟ್ ತಗೋಬೇಕಿಲ್ಲ, ಶೂ ಒರೆಸ್ಕೊಂಡು ಒಳಗೆ ಹೋಗೋ ಭಯ ಇಲ್ಲ. ಡುಬಾಯ್ಸ್ ಮುಖಶಿಲ್ಪ ಇದೇ ಲೈಬ್ರರಿಗಾಗಿ ಮಾಡಿದ್ದು. 1928ರಿಂದ ಹಾರ್ಮನ್ ಫೌಂಡೇಶನ್ ಅನ್ನೋ ಬಿಳಿಯರ ಸಂಸ್ಥೆಯೊಂದು ಕಪ್ಪು ಕಲಾವಿದರ ಪ್ರದರ್ಶನ ನಡೆಸಿತು. ಅದರಿಂದ ಹಲವರಿಗೆ ಹೆಸರು ಬಂತು, ದುಡ್ಡೂ ಬಂತು. ಆದರೆ ರೊಮೇರ್ ಬೇರ್ಡನ್ ಅನ್ನೋ ತರುಣ 1934ರಲ್ಲಿ ಒಂದು ಲೇಖನ ಬರೆದು ಅದನ್ನ ಜಾಲಾಡಿದ. ಅವನ ತಕರಾರು ಸರಳ: ಬಣ್ಣ ನೋಡಿ ಒಟ್ಟಿಗೆ ಗುಡ್ಡೆ ಹಾಕ್ತೀರಿ, ಕೆಲಸ ಚೆನ್ನಾಗಿದೆಯಾ ಇಲ್ವಾ ಅಂತ ಕಟ್ಟುನಿಟ್ಟಾಗಿ ನೋಡಲ್ಲ, ಬೆನ್ನು ತಟ್ಟಿ ಕಳಿಸ್ತೀರಿ.

ನಮ್ಮಲ್ಲೂ ಇದು ನಡೀತಿರೋ ಜಗಳವೇ. "ದಲಿತ ಕಲೆ" ಅಂತ ಬೋರ್ಡು ಹಾಕಿದ್ರೆ ಮೂಲೆಗೆ ತಳ್ಳಿದ ಹಾಗಾ, ಹಾಕದಿದ್ರೆ ಕರಗಿಸಿದ ಹಾಗಾ? ನನಗೆ ಗೊತ್ತಿರೋ ಒಬ್ಬ ಹುಡುಗ, ಬೋರ್ಡು ಬರೆಯೋರ ಮಗ, ತಮಟೆ ಹದ ಮಾಡೋ ಕೈಗಳ ಚಿತ್ರಗಳನ್ನ ಮಾಡ್ತಾನೆ. ಒಂದು ಗುಂಪು ಪ್ರದರ್ಶನದವರು ಕರೆದ್ರು, ಖುಷಿಯಿಂದ ಹೋದ. ಅವನ ಚಿತ್ರ ಸಿಕ್ಕಿದ್ದು ಟಾಯ್ಲೆಟ್‌ಗೆ ಹೋಗೋ ದಾರಿಯ ಗೋಡೆಯಲ್ಲಿ. ಉದ್ಘಾಟನೆ ಭಾಷಣದಲ್ಲಿ ಮಾತ್ರ ಎರಡು ಸಲ ಅವನ ಜಾತಿ ಬಂತು, ಚಿತ್ರದ ಹೆಸರು ಒಂದು ಸಲವೂ ಬರಲಿಲ್ಲ. ಬೇರ್ಡನ್ ಸಿಟ್ಟು ಏನು ಅಂತ ನನಗೆ ಅವತ್ತು ಅರ್ಥ ಆಯ್ತು.

ಆದರೆ ಬೇರ್ಡನ್ ಮಾತನ್ನ ಹಿಡ್ಕೊಂಡು "ಪ್ರತ್ಯೇಕ ಜಾಗವೇ ಬೇಡ" ಅನ್ನೋರ ಜೊತೆ ನನ್ನ ಸಹಮತ ಇಲ್ಲ. ಬೇರ್ಡನ್ ತಾನೇ ಹಾರ್ಲೆಂ ಕಲಾವಿದರ ಸಂಘದಲ್ಲಿದ್ದ. ಜಾಗ ಯಾರ ಕೈಲಿದೆ, ಗೋಡೆಗೆ ಮೊಳೆ ಹೊಡೆಯೋರು ಯಾರು ಅನ್ನೋದರ ಮೇಲೆ ಎಲ್ಲ ನಿಂತಿದೆ. ಆಗಸ್ಟಾ ಮಾಡಿದ್ದು ಅದನ್ನೇ.

1929ರಲ್ಲಿ ಅವಳು ಒಬ್ಬ ಬೀದಿ ಹುಡುಗನ ಮುಖಶಿಲ್ಪ ಮಾಡಿದಳು, ಹೆಸರು "ಗ್ಯಾಮಿನ್". ಓರೆಯಾಗಿ ಇಟ್ಟ ಟೋಪಿ, ಸುಕ್ಕಾದ ಅಂಗಿ, ನಿಮ್ಮನ್ನ ಅಷ್ಟು ಸುಲಭಕ್ಕೆ ನಂಬಲ್ಲ ಅನ್ನೋ ನೋಟ. ಆ ಒಂದು ಶಿಲ್ಪದ ಬಲದಿಂದ ರೋಸನ್‌ವಾಲ್ಡ್ ಫೆಲೋಶಿಪ್ ಸಿಕ್ಕಿ ಕೊನೆಗೂ ಪ್ಯಾರಿಸ್‌ಗೆ ಹೋದಳು. ಕಂಚಿನಲ್ಲಿ ಎರಕ ಹೊಯ್ಯೋಕೆ ದುಡ್ಡು ಇಲ್ಲದ್ದಕ್ಕೆ ಅವಳ ಹೆಚ್ಚಿನ ಕೆಲಸ ಪ್ಲಾಸ್ಟರ್‌ನಲ್ಲೇ ನಿಂತುಹೋಯ್ತು. ಕಂಚಿನ ಹಾಗೆ ಕಾಣಲಿ ಅಂತ ಅದರ ಮೇಲೆ ಬಣ್ಣ ಬಳಿದು ಶೂ ಪಾಲಿಷ್ ತಿಕ್ಕೋಳು. ಶೂ ಪಾಲಿಷ್! ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಲ್ಲಿ ಕೂತ ನಮ್ಮ ಸಮಗಾರ ಅಣ್ಣಂದಿರಿಗೆ ಈ ಕತೆ ಯಾರಾದ್ರೂ ಹೇಳಬೇಕು.

ವಾಪಸ್ ಬಂದಾಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಶಿಲ್ಪ ಯಾರು ಕೊಳ್ತಾರೆ? 1932ರಲ್ಲಿ ಅವಳು 143ನೇ ಬೀದಿಯ ಒಂದು ನೆಲಮಾಳಿಗೆಯಲ್ಲಿ ಸ್ಟುಡಿಯೋ ತೆಗೆದಳು, ಸ್ಯಾವೇಜ್ ಸ್ಟುಡಿಯೋ ಆಫ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್. ಬಾಗಿಲು ತೆರೆದೇ ಇರೋದು. ಬೀದೀಲಿ ಹೋಗೋ ಮಗು ಕಿಟಕಿಯಲ್ಲಿ ಇಣುಕಿದ್ರೆ ಒಳಗೆ ಕರೆದು ಕೈಗೆ ಮಣ್ಣು ಕೊಡೋಳು. ಗಲ್ಲಿಯ ಮಕ್ಕಳು, ಕೆಲಸ ಕಳ್ಕೊಂಡ ದೊಡ್ಡವರು, ಮನೆಗೆಲಸದ ಹೆಂಗಸರು ಬಂದು ಕಲಿತರು. ಅವಳು ಕೆಲಸ ಮಾಡೋದನ್ನ ನೋಡೋಕೂ ಜನ ಬರೋರು. ಹತ್ತಿರದಲ್ಲೇ 141ನೇ ಬೀದಿಯ 306ನೇ ನಂಬರಿನ ಹಳೇ ಕುದುರೆಲಾಯದಲ್ಲಿ ಚಾರ್ಲ್ಸ್ ಆಲ್‌ಸ್ಟನ್ ಮತ್ತು ಹೆನ್ರಿ ಬ್ಯಾನರ್ನ್ ಇನ್ನೊಂದು ಸ್ಟುಡಿಯೋ ನಡೆಸಿದ್ರು. ಅದಕ್ಕೆ "306" ಅಂತಲೇ ಹೆಸರಾಯ್ತು. ಹಗಲು ಕ್ಲಾಸು, ರಾತ್ರಿ ಚರ್ಚೆ. ಲ್ಯಾಂಗ್‌ಸ್ಟನ್ ಹ್ಯೂಸ್, ರಿಚರ್ಡ್ ರೈಟ್ ಥರದ ಲೇಖಕರು ಅಲ್ಲಿ ಬಂದು ಕೂರೋರು. ಚಿತ್ರ ಬಿಡಿಸೋರೂ, ಬರೆಯೋರೂ, ಸಂಘಟನೆಯೋರೂ ಒಂದೇ ಕೋಣೇಲಿ.

ಆಗಸ್ಟಾ ಹತ್ರ ಕಲಿತವರ ಹೆಸರು ನೋಡಿ. ನಾರ್ಮನ್ ಲೂಯಿಸ್, ಗ್ವೆಂಡೊಲಿನ್ ನೈಟ್, ವಿಲಿಯಂ ಆರ್ಟಿಸ್, ಅರ್ನೆಸ್ಟ್ ಕ್ರಿಚ್ಲೋ. ಕೆನೆತ್ ಕ್ಲಾರ್ಕ್ ಅನ್ನೋ ಹುಡುಗನೂ ಬರ್ತಿದ್ದ. ಅವನು ಕಲಾವಿದ ಆಗಲಿಲ್ಲ, ಮನಶ್ಶಾಸ್ತ್ರಜ್ಞ ಆದ. ಕಪ್ಪು ಮಕ್ಕಳ ಮುಂದೆ ಕಪ್ಪು ಗೊಂಬೆ, ಬಿಳಿ ಗೊಂಬೆ ಇಟ್ಟು, ಯಾವುದು ಒಳ್ಳೇ ಗೊಂಬೆ ಅಂತ ಕೇಳಿದ ಪ್ರಯೋಗ ಗೊತ್ತಲ್ಲ? ಅವನು ಮತ್ತು ಅವನ ಹೆಂಡತಿ ಮೇಮಿ ಮಾಡಿದ್ದು. ಶಾಲೆಗಳಲ್ಲಿ ಬಣ್ಣಭೇದ ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ ಅವರ ಕೆಲಸವನ್ನೂ ಉಲ್ಲೇಖಿಸಿತು.

ಇನ್ನೊಬ್ಬ ಜೇಕಬ್ ಲಾರೆನ್ಸ್. ಅಮ್ಮ ದುಡಿದು ಸಾಕಿದ ಮಗ, ಹೈಸ್ಕೂಲು ಅರ್ಧಕ್ಕೇ ಬಿಟ್ಟವನು. ಆಗ ರೂಸ್‌ವೆಲ್ಟ್ ಸರ್ಕಾರ ನಿರುದ್ಯೋಗಿ ಕಲಾವಿದರಿಗೆ ಸಂಬಳ ಕೊಟ್ಟು ಕೆಲಸ ಮಾಡಿಸ್ತಿತ್ತು. ಆಗಸ್ಟಾ ಅವನನ್ನ ಕೈಹಿಡಿದು ಆ ಆಫೀಸಿಗೆ ಕರ್ಕೊಂಡು ಹೋದಳು. ವಯಸ್ಸು 21 ಆಗಿಲ್ಲ ಅಂತ ವಾಪಸ್ ಕಳಿಸಿದ್ರು. ಅವನು ಮರೆತುಬಿಟ್ಟ, ಅವಳು ಮರೆಯಲಿಲ್ಲ. ವಯಸ್ಸು ತುಂಬಿದ ಮೇಲೆ ಮತ್ತೆ ಹಿಡಿದು ಕರ್ಕೊಂಡು ಹೋಗಿ ಸಹಿ ಹಾಕಿಸಿದಳು. ವಾರಕ್ಕೆ 23 ಡಾಲರ್ 86 ಸೆಂಟ್ ಸಂಬಳ. ಅವಳು ಹಾಗೆ ಮಾಡದಿದ್ದರೆ ನಾನು ಕಲಾವಿದ ಆಗ್ತಿರಲಿಲ್ಲವೇನೋ ಅಂತ ಲಾರೆನ್ಸ್ ವಯಸ್ಸಾದ ಮೇಲೂ ಹೇಳ್ತಿದ್ದ. 1938ರಲ್ಲಿ ಅವನ ಮೊದಲ ಒಂಟಿ ಪ್ರದರ್ಶನ ಆದದ್ದು ಹಾರ್ಲೆಂನ ವೈಎಂಸಿಎ ಕಟ್ಟಡದಲ್ಲಿ. ಅಲ್ಲಿಂದ ಮೂರೇ ವರ್ಷಕ್ಕೆ, ದಕ್ಷಿಣದ ಹೊಲಗಳನ್ನ ಬಿಟ್ಟು ಉತ್ತರದ ಪಟ್ಟಣಗಳಿಗೆ ಗುಳೆ ಹೋದ ತನ್ನ ಜನರ ಕತೆಯನ್ನ 60 ಚಿತ್ರಗಳ ಮಾಲೆಯಾಗಿ ಮುಗಿಸಿದ. ಇವತ್ತು ಅದರ ಅರ್ಧ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ, ಅರ್ಧ ವಾಷಿಂಗ್ಟನ್‌ನ ಫಿಲಿಪ್ಸ್ ಸಂಗ್ರಹದಲ್ಲಿ ಇದೆ. ಗುಳೆ ಹೋಗೋರ ಬಸ್ಸು ರಾಯಚೂರು, ಯಾದಗಿರಿಯಿಂದ ರಾತ್ರಿ ಹೊರಡೋದನ್ನ ನೋಡಿದವರು ಆ ಚಿತ್ರಗಳನ್ನ ಒಮ್ಮೆ ಹುಡುಕಿ ನೋಡಿ. ಮೂಟೆ, ಬೆಂಚು, ಕಾಯೋ ಮುಖಗಳು. ಕ್ಯಾಪ್ಷನ್ ಓದದಿದ್ರೂ ಅರ್ಥ ಆಗುತ್ತೆ.

ಸರ್ಕಾರ ಸಂಬಳ ಕೊಟ್ಟಿತು ಅಂದೆನಲ್ಲ, ಅದೂ ಕೇಳದೆ ಬಂದದ್ದಲ್ಲ. ಕಪ್ಪು ಕಲಾವಿದರನ್ನ ಆ ಯೋಜನೆಗೆ ಸೇರಿಸ್ಕೊಳ್ಳೋಕೆ ಹಿಂದೇಟು ಹಾಕ್ತಿದ್ರು, ಮೇಲ್ವಿಚಾರಕರ ಹುದ್ದೆಯಂತೂ ದೂರದ ಮಾತು. ಅದಕ್ಕೇ 1935ರಲ್ಲಿ ಹಾರ್ಲೆಂ ಆರ್ಟಿಸ್ಟ್ಸ್ ಗಿಲ್ಡ್ ಕಟ್ಟಿದ್ರು. ಮೊದಲ ಅಧ್ಯಕ್ಷ ಏರನ್ ಡಗ್ಲಸ್, ಅವನ ನಂತರ ಆಗಸ್ಟಾ. ಮನವಿ, ನಿಯೋಗ, ಪ್ರತಿಭಟನೆ, ನಾವು ಮಾಡೋದೆಲ್ಲ ಅವರೂ ಮಾಡಿದ್ರು. 1936ರಲ್ಲಿ ಹಾರ್ಲೆಂ ಆಸ್ಪತ್ರೆಯ ಗೋಡೆಚಿತ್ರಗಳ ಗಲಾಟೆ ನಡೀತು. ಆಲ್‌ಸ್ಟನ್ ಮತ್ತು ಸಂಗಡಿಗರು ಕೊಟ್ಟ ನಕ್ಷೆಗಳಲ್ಲಿ ಕಪ್ಪುಜನರೇ ಜಾಸ್ತಿ ಇದ್ದಾರೆ ಅಂತ ಆಸ್ಪತ್ರೆಯ ಮೇಲಧಿಕಾರಿ ತಕರಾರು ತೆಗೆದ. ಹಾರ್ಲೆಂನಲ್ಲಿರೋ ಆಸ್ಪತ್ರೆ! ಗಿಲ್ಡ್ ಬೀದಿಗಿಳೀತು, ಪೇಪರಲ್ಲಿ ಬಂತು, ಚಿತ್ರಗಳು ಗೋಡೆಗೆ ಬಂದವು, ಇವತ್ತಿಗೂ ಇವೆ.

1937ರ ಡಿಸೆಂಬರಿನಲ್ಲಿ ಹಾರ್ಲೆಂ ಕಮ್ಯುನಿಟಿ ಆರ್ಟ್ ಸೆಂಟರ್ ಶುರುವಾಯ್ತು. ಜಾಗ ಲೆನಾಕ್ಸ್ ಅವೆನ್ಯೂ, ನಿರ್ದೇಶಕಿ ಆಗಸ್ಟಾ ಸ್ಯಾವೇಜ್. ಉದ್ಘಾಟನೆಗೆ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬಂದಿದ್ರು. ಚಿತ್ರ, ಶಿಲ್ಪ, ಅಚ್ಚು, ನೇಯ್ಗೆ, ಎಲ್ಲ ಪುಕ್ಕಟೆ. 1,500ಕ್ಕೂ ಹೆಚ್ಚು ಜನ ಕಲಿಯೋಕೆ ಸೇರಿದ್ರು. ನೆಲಮಾಳಿಗೆಯಲ್ಲಿ ಒಬ್ಬಳೇ ಶುರು ಮಾಡಿದ್ದು ಐದು ವರ್ಷಕ್ಕೆ ಬೇರೆ ಊರುಗಳ ಕಲಾಕೇಂದ್ರಗಳಿಗೆ ಮಾದರಿ ಆಯ್ತು.

ಇಲ್ಲಿಗೆ ಮುಗಿದಿದ್ದರೆ ಸಭೆಗಳಲ್ಲಿ ಹೇಳೋಕೆ ಒಳ್ಳೇ ಕತೆ. ಮುಗಿಯಲಿಲ್ಲ.

1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಒಂದು ದೊಡ್ಡ ಶಿಲ್ಪ ಮಾಡಿಕೊಡು ಅಂತ ಅವಳನ್ನ ಕೇಳಿದ್ರು. ಸೆಂಟರಿನ ಕೆಲಸಕ್ಕೆ ರಜೆ ಹಾಕಿ ಕೂತಳು. ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದ, ಕಪ್ಪುಜನ ತಮ್ಮ ನಾಡಗೀತೆ ಥರ ಹಾಡೋ "ಲಿಫ್ಟ್ ಎವೆರಿ ವಾಯ್ಸ್ ಅಂಡ್ ಸಿಂಗ್" ಹಾಡು ಅದಕ್ಕೆ ಪ್ರೇರಣೆ. 16 ಅಡಿ ಎತ್ತರದ ತಂತಿವಾದ್ಯ, ತಂತಿಗಳ ಜಾಗದಲ್ಲಿ ಸಾಲಾಗಿ ನಿಂತು ಹಾಡೋ 12 ಜನ, ಅವರನ್ನ ಹೊತ್ತ ಒಂದು ದೊಡ್ಡ ಕೈ, ಮುಂದೆ ಮಂಡಿಯೂರಿದ ಒಬ್ಬ ತರುಣ. ಎಲ್ಲ ಪ್ಲಾಸ್ಟರ್. ಮೇಳದಲ್ಲಿ ಜನ ಅದರ ಮುಂದೆ ಫೋಟೋ ತೆಗೆಸ್ಕೊಂಡ್ರು. ಅದರ ಪುಟ್ಟ ಲೋಹದ ಪ್ರತಿಗಳು, ಪೋಸ್ಟ್‌ಕಾರ್ಡುಗಳು ಮಾರಾಟ ಆದವು. ಮೇಳ ಮುಗೀತು. ಕಂಚಿಗೆ ಹಾಕಿಸೋಕೆ ಅವಳ ಹತ್ರ ದುಡ್ಡಿಲ್ಲ, ಸಾಗಿಸಿ ಇಡೋಕೆ ಜಾಗವೂ ಇಲ್ಲ. ಮೇಳದ ಉಳಿದ ಕಟ್ಟಡಗಳ ಜೊತೆ ಅದನ್ನೂ ಬುಲ್ಡೋಜರ್ ಹಾಕಿ ಒಡೆದರು.

ರಜೆ ಮುಗಿಸಿ ಬಂದಾಗ ಸೆಂಟರಿನ ಕುರ್ಚಿಯಲ್ಲಿ ಬೇರೆಯವರಿದ್ದರು. ಅದೇ 1939ರಲ್ಲಿ ಅವಳು ಹಾರ್ಲೆಂನಲ್ಲಿ ಸಲೋನ್ ಆಫ್ ಕಾಂಟೆಂಪರರಿ ನೀಗ್ರೋ ಆರ್ಟ್ ಅಂತ ಸ್ವಂತ ಗ್ಯಾಲರಿ ತೆಗೆದಳು. (ಆ ಕಾಲಕ್ಕೆ ಅವರು ತಮ್ಮನ್ನ ಕರ್ಕೊಳ್ತಿದ್ದ ಪದ ಅದೇ.) ಬೋಫರ್ಡ್ ಡಿಲೇನಿ, ಲೋಯಿಸ್ ಮೈಲೂ ಜೋನ್ಸ್, ರಿಚ್ಮಂಡ್ ಬಾರ್ತೆ ಇಂಥವರ ಕೆಲಸ ಅಲ್ಲಿತ್ತು. ಉದ್ಘಾಟನೆಗೆ ನೂರಾರು ಜನ ಬಂದ್ರು. ನೋಡಿದ್ರು, ಹೊಗಳಿದ್ರು, ಕೊಂಡವರು ಕಮ್ಮಿ. ಕೆಲವೇ ತಿಂಗಳಲ್ಲಿ ಬಾಗಿಲು ಹಾಕಬೇಕಾಯ್ತು. ಯುದ್ಧ ಬಂದು ಸರ್ಕಾರದ ದುಡ್ಡು ನಿಂತ ಮೇಲೆ ಆರ್ಟ್ ಸೆಂಟರೂ 1942ರಲ್ಲಿ ಮುಚ್ಚಿತು.

1945ರ ಹೊತ್ತಿಗೆ ಅವಳು ನ್ಯೂಯಾರ್ಕ್ ಬಿಟ್ಟು ಸಾಗರ್ಟೀಸ್ ಅನ್ನೋ ಹಳ್ಳಿಗೆ ಹೋದಳು. ಕೋಳಿ ಸಾಕಿದಳು, ಒಂದು ಪ್ರಯೋಗಶಾಲೆಯಲ್ಲಿ ಇಲಿಗಳನ್ನ ನೋಡ್ಕೊಳ್ಳೋ ಕೆಲಸ ಮಾಡಿದಳು, ಅಕ್ಕಪಕ್ಕದ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಿದಳು. ಸೋತು ಹೋಗಿ ಅಡಗಿದಳು ಅಂತ ಕೆಲವರು ಬರೀತಾರೆ. ನನಗೆ ಹಂಗೆ ಅನ್ಸಲ್ಲ. ದಿನಕ್ಕೆ ಒಂದು ಡಾಲರಿಗೆ ಮಕ್ಕಳಿಗೆ ಮಣ್ಣು ಹಿಡಿಯೋದು ಕಲಿಸಿದ ಹುಡುಗಿ ಕೊನೆವರೆಗೂ ಅದನ್ನೇ ಮಾಡಿದಳು, ಅಷ್ಟೇ. ಆದರೆ ಸಿಟ್ಟಂತೂ ಬರುತ್ತೆ. 1962ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳ ಹೆಸರು ಹೆಚ್ಚುಕಮ್ಮಿ ಮರೆತೇ ಹೋಗಿತ್ತು. ಪ್ಲಾಸ್ಟರಿನ ಕೆಲಸಗಳಲ್ಲಿ ಬಹಳಷ್ಟು ಒಡೆದು, ಕಳೆದು ಹೋದವು. 2018ರಲ್ಲಿ ಜಾಕ್ಸನ್‌ವಿಲ್‌ನ ಕಮರ್ ಮ್ಯೂಸಿಯಂ ಅವಳ ಮತ್ತು ಅವಳ ಶಿಷ್ಯರ ಕೆಲಸಗಳನ್ನ ಸೇರಿಸಿ ದೊಡ್ಡ ಪ್ರದರ್ಶನ ಮಾಡಿತು. ಸುಮಾರು ನೂರು ವರ್ಷದ ಹಿಂದೆ ಅವಳಿಗೆ ಒಂದು ಮುಖ ಮಾಡೋ ಕೆಲಸವನ್ನೂ ಕೊಡದಿದ್ದ ಅದೇ ಜಾಕ್ಸನ್‌ವಿಲ್.

ಕೊನೆಗೆ ಒಂದು ವಿನಂತಿ. ನಿಮ್ಮ ಕೇರಿಯ ಗೋಡೆ ಮೇಲೆ ಬಾಬಾಸಾಹೇಬರ ಚಿತ್ರವನ್ನ ಮೊದಲು ಬರೆದವರು ಯಾರು? ಫ್ಲೆಕ್ಸ್ ಬರೋಕೆ ಮುಂಚೆ ಏಪ್ರಿಲ್ 14ಕ್ಕೆ ಬಟ್ಟೆ ಬ್ಯಾನರು ಬರೀತಿದ್ದವರು, ಸಂಘಟನೆಯ ಪೋಸ್ಟರು ಬರೀತಿದ್ದವರು, ಸಿಮೆಂಟಿನ ಪ್ರತಿಮೆ ಮಾಡಿದವರು ಯಾರು? ಸುಣ್ಣ ಹೊಡೆಯೋ ಮುಂಚೆ ಒಂದು ಫೋಟೋ ತೆಗೆದಿಡಿ. ಊರು, ಅಂದಾಜು ವರ್ಷ, ಬರೆದವರು ಬದುಕಿದ್ದರೆ ಅವರನ್ನ ಕೇಳಿ ಅವರ ಹೆಸರು, ಇಷ್ಟನ್ನ ನನಗೆ ಇನ್‌ಬಾಕ್ಸ್‌ಗೆ ಕಳಿಸಿ. ಹಳೇ ಕ್ಯಾಮೆರಾದ ಮಸುಕು ಫೋಟೋ ಆದ್ರೂ ಪರವಾಗಿಲ್ಲ.